ಬಾಲ ಕುಣಿಸುತ್ತಿದ್ದ ಎಂಜಿಬಿ

ಚಾಮುಂಡಿ ಬೆಟ್ಟ ಇಳಿಯುವಾಗ ಬಲಕ್ಕೆ ಹೊರಳುವ ಒಂದು ತಿರುವಿದೆ. ಅಲ್ಲಿಗೆ ಬಂದರೆ ಸಾಕು, ನನ್ನ ಹಳೆಯ ಎಂಜಿಬಿ ಕಾರಿನ ಹಿಂಭಾಗ ಬೇರೆ ಯಾರದೋ ಮಾತು ಕೇಳಿದ ಹಾಗೆ ಆಡುತ್ತಿತ್ತು. ಮುಂದಿನ ಚಕ್ರ ತಿರುವು ದಾಟಿ ನೆಟ್ಟಗಾದ ಮೇಲೂ ಹಿಂದಿನದು ಎರಡು ಸಲ ತೂಗಾಡಿಯೇ ಬರೋದು. "ಇದನ್ನ ಸ್ಪೋರ್ಟ್ಸ್ ಕಾರು ಅಂತ ಯಾರ್ರೀ ಕರೆದಿದ್ದು?" ಅಂತ ಹೆಂಡತಿ ಬಾಗಿಲ ಹಿಡಿ ಬಿಗಿಹಿಡಿದೇ ಕೇಳುತ್ತಿದ್ದಳು.

ಕಾರು ಸೋದರಮಾವನದು, 1967ರದು. ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ಈ ಗಾಡಿ 5 ಲಕ್ಷಕ್ಕೂ ಹೆಚ್ಚು ತಯಾರಾಗಿದೆ. ಹಾಗಾಗಿ ದುಡ್ಡಿದ್ದರೆ ಸಾಮಾನು ಇವತ್ತಿಗೂ ಸಿಗುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರ್ ಬದಲಿಸಲು ನಾನು ಯಾರನ್ನೂ ಕೇಳದೆ ಕೊಳವೆಯೊಳಗೆ ಕೊಳವೆ ಜಾರುವ ಟೆಲಿಸ್ಕೋಪಿಕ್ ಮಾದರಿಯ ಕಿಟ್ ತರಿಸಿಬಿಟ್ಟೆ. ಆಮೇಲೆ ಮಂಡಿ ಮೊಹಲ್ಲಾದ ಶೆಡ್ಡಿಗೆ ಹೋದೆ.

ಶೆಡ್ಡಿನ ಯಜಮಾನರು ಜಾವಾ ಬೈಕ್ ಫ್ಯಾಕ್ಟರಿಯಲ್ಲಿದ್ದವರು. 1996ರಲ್ಲಿ ಅದು ಮುಚ್ಚಿದ ಮೇಲೆ ಇಲ್ಲಿ ಕೂತವರು ಎದ್ದಿಲ್ಲ. ಬಾನೆಟ್ ಎತ್ತಿಸಿ, "ಅಂಬಾಸಿಡರ್ ಎಂಜಿನ್ ಇದ್ದ ಹಾಗಿದೆಯಲ್ಲ ಮೇಷ್ಟ್ರೇ" ಅಂದರು. ಸರಿಯಾಗೇ ಹೇಳಿದರು: ಎರಡೂ ಬಿ-ಸೀರೀಸ್ ಎಂಬ ಒಂದೇ ಎಂಜಿನ್ ಮನೆತನ. ಅಂಬಾಸಿಡರಿನದು 1489 ಸಿಸಿ, ಇದು 1798, ಅಣ್ಣ. ನಾನು ಕಿಟ್ಟಿನ ಹೊಸ ಡಬ್ಬ ತೋರಿಸಿದೆ. ಅವರು ಅದರ ಕಡೆ ನೋಡಲೇ ಇಲ್ಲ. ಡಿಕ್ಕಿಯ ಬಲ ಮೂಲೆಗೆ ಎರಡೂ ಕೈ ಊರಿ ಅದುಮಿ ಬಿಟ್ಟರು. ಗಾಡಿ ಒಂದು ಸಲ ಎದ್ದು ನಿಂತಿತು. ಎಡ ಮೂಲೆ ಅದುಮಿದರು. ಅದು ಎದ್ದಿತು, ಇಳಿಯಿತು, ಮತ್ತೆ ಎದ್ದಿತು.

"ಒಂದು ಕಾಲು ಮಾತ್ರ ಕುಂಟ್ತಿರೋದು."

ಬಲ ತಿರುವಿನಲ್ಲಿ ಭಾರವೆಲ್ಲ ಬೀಳುವುದು ಎಡಕ್ಕೆ. ಇಷ್ಟು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿದವನಿಗೆ ಅದು ಹೊಳೆದಿರಲಿಲ್ಲ.

ಈ ಗಾಡಿಯ ಹಿಂದಿರುವುದು ಲಿವರ್ ಮಾದರಿಯ ಶಾಕ್. ಅಂಗೈಗಿಂತ ಸ್ವಲ್ಪ ದೊಡ್ಡದೊಂದು ಎರಕದ ಪೆಟ್ಟಿಗೆ, ಎರಡು ಬೋಲ್ಟಿನಲ್ಲಿ ಗಾಡಿಯ ಮೈಗೆ ಕೂತಿರುತ್ತದೆ. ಅದರಿಂದ ಹೊರಟ ತೋಳೊಂದು ಸಣ್ಣ ಕೊಂಡಿಯ ಮೂಲಕ ಆಕ್ಸಲ್ಲಿಗೆ ಸೇರುತ್ತದೆ. ಚಕ್ರ ಏರಿಳಿದಾಗ ತೋಳು ಆಡುತ್ತದೆ, ಒಳಗಿನ ಪಿಸ್ಟನ್‌ಗಳು ಆಯಿಲನ್ನು ಸಣ್ಣ ವಾಲ್ವಿನಲ್ಲಿ ನೂಕುತ್ತವೆ, ಆಯಿಲ್ ಅಷ್ಟು ಸುಲಭವಾಗಿ ನುಸುಳುವುದಿಲ್ಲ. ಗಾಡಿಯ ಭಾರ ಹೊರುವುದು ಕಮಾನು ಪಟ್ಟಿ. ಪಟ್ಟಿಯ ಕುಣಿತ ನಿಲ್ಲಿಸುವುದಷ್ಟೇ ಶಾಕಿನ ಕೆಲಸ. "ಬ್ಯಾಂಕಿನ ಬಾಗ್ಲು ಮೆಲ್ಲಗೆ ಮುಚ್ಕೊಳುತ್ತಲ್ಲ, ಮೇಲೊಂದು ಪೆಟ್ಟಿಗೆ ಇರುತ್ತೆ ನೋಡಿ, ಅದೇ ಕಣ್ರೀ ಇದು" ಅಂದರು ಯಜಮಾನರು.

ಆಕ್ಸಲ್ಲು ಜೋತುಬಿದ್ದು ಬ್ರೇಕ್ ಪೈಪು ಎಳೆಯಬಾರದೆಂದು ಅದರಡಿ ಇನ್ನೊಂದು ಜಾಕಿ ಕೊಟ್ಟು ಎರಡನ್ನೂ ಬಿಚ್ಚಿದೆವು. ಬಲಗಡೆಯದನ್ನು ವೈಸಿಗೆ ಕಚ್ಚಿಸಿ ತೋಳು ಎಳೆದರೆ ಜೇನುತುಪ್ಪದಲ್ಲಿ ಸೌಟು ತಿರುಗಿಸಿದ ಹಾಗೆ ಬಿಗಿಯಾಗಿ ಬಂತು. ಎಡಗಡೆಯದು ಕಿರುಬೆರಳಿಗೂ ಬಗ್ಗಿತು. ಮೇಲಿನ ನಟ್ ತೆಗೆದು ಆಯಿಲ್ ಹೊಯ್ದು ಆಡಿಸಿದಾಗ ಸ್ವಲ್ಪ ಹೊತ್ತು ಬಿಗಿಯಾಯಿತು. ಅಷ್ಟರಲ್ಲಿ ಶಾಫ್ಟಿನ ಬುಡದಲ್ಲಿ ಕಪ್ಪು ಗೆರೆಯೊಂದು ಮೂಡಿ, ಹನಿಯಾಗಿ, ವೈಸಿನ ಮೇಲೆ ತೊಟ್ಟಿಕ್ಕಿತು.

"ಲೇತಿಗೆ ಕೊಟ್ಟು ಬುಷ್ ಹಾಕ್ಸಿ, ಸೀಲ್ ಬದಲಾಯಿಸಿದ್ರೆ ಮುಗೀತಿತ್ತು. ಡಬ್ಬ ತರೋಕೆ ಮುಂಚೆ ಬರಬಾರ್ದಿತ್ತಾ?"

ತಂದದ್ದನ್ನು ಹಾಕದೆ ಬಿಡುವುದುಂಟೆ? ಕಿಟ್ಟಿನ ಮೇಲಿನ ಬ್ರಾಕೆಟ್ಟು ಹಳೆಯ ಎರಡು ತೂತಿಗೇ ಕೂತಿತು. ಕೆಳಗಿನ ಪ್ಲೇಟು, ಪಟ್ಟಿಯನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟಿನ ಅಡಿಗೆ. ಹೇಗೂ ಬಿಚ್ಚಿದ್ದೇವೆಂದು ಪಟ್ಟಿಯ ರಬ್ಬರ್ ಬುಷ್ಷುಗಳನ್ನೂ ಬದಲಿಸಿದೆವು. ಯಜಮಾನರು ಟೀಗೆ ಹೋದಾಗ ನಾನು ಉತ್ಸಾಹ ಬಂದು ಆ ಬೋಲ್ಟುಗಳನ್ನೆಲ್ಲ ಬಿಗಿದುಬಿಟ್ಟೆ, ಗಾಡಿ ಜಾಕಿಯ ಮೇಲಿರುವಾಗಲೇ. ಕೆಳಗಿಳಿಸಿದರೆ ಹಿಂಭಾಗ ಎರಡು ಬೆರಳು ಎತ್ತರ ನಿಂತಿದೆ, ಬೆದೆಗೆ ಬಂದ ಬೆಕ್ಕಿನಂತೆ. ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ನಂತರವೇ ಆ ರಬ್ಬರು ಬಿಗಿಯಬೇಕು. ಇಲ್ಲದಿದ್ದರೆ ಅದು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಯಜಮಾನರು ಬಯ್ಯಲಿಲ್ಲ. ಸ್ಪಾನರ್ ನನ್ನ ಕೈಗೇ ಕೊಟ್ಟು ಸ್ಟೂಲಿನ ಮೇಲೆ ಕೂತು ನೋಡಿದರು. ಅದೇ ಹೆಚ್ಚು ನೋಯಿಸಿತು.

ಮರುದಿನ ಬೆಟ್ಟ ಇಳಿದೆ. ಅದೇ ತಿರುವು. ಹಿಂಭಾಗ ಮುಂಭಾಗದ ಜೊತೆಗೇ ಬಂತು, ಒಂದೇ ಗಾಡಿಯಾಗಿ. ಖುಷಿ ರಿಂಗ್ ರಸ್ತೆ ಸೇರುವವರೆಗೆ ಇತ್ತು. ಹಳೆಯ ಶಾಕು ನುಂಗಿಕೊಳ್ಳುತ್ತಿದ್ದ ಸಣ್ಣಪುಟ್ಟ ತೇಪೆಗಳನ್ನು ಹೊಸದು ಒಂದೊಂದಾಗಿ ಬೆನ್ನುಮೂಳೆಗೆ ಒಪ್ಪಿಸುತ್ತಿದೆ. ಹೆಂಡತಿ ಈಗ ಬಾಗಿಲ ಹಿಡಿ ಹಿಡಿಯುವುದಿಲ್ಲ, ಸೊಂಟ ಹಿಡಿಯುತ್ತಾಳೆ. ನನ್ನನ್ನು ಕೇಳಿದರೆ, ನಮ್ಮ ರಸ್ತೆಗೆ ಆ ಲಿವರ್ ಶಾಕನ್ನೇ ರಿಪೇರಿ ಮಾಡಿಸಿಕೊಳ್ಳಬೇಕಿತ್ತು. ಮುಂದಿನ ಚಕ್ರಗಳ ಶಾಕಿನ ತೋಳುಗಳು ಚಕ್ರ ಹಿಡಿದಿಡುವ ಸಸ್ಪೆನ್ಷನ್ನಿನ ಮೇಲ್ತೋಳೂ ಹೌದು. ಆ ತಂಟೆಗೆ ನಾನು ಹೋಗುವುದಿಲ್ಲ.

ಎಡಗಡೆಯ ಹಳೆಯದು ಈಗ ನನ್ನ ಮೇಜಿನ ಕೆಳಗೆ, ಪೇಪರಿನ ಮೇಲೆ ಎಣ್ಣೆ ಬಿಡುತ್ತಾ ಕೂತಿದೆ, ಲೇತಿನವನ ಬಿಡುವಿಗಾಗಿ ಕಾದು. ಬಲಗಡೆಯದನ್ನು "ಇರ್ಲಿ ಬಿಡಿ ಇಲ್ಲೇ, ಬೇಕಾದಾಗ ಇಸ್ಕೊಂಡ್ರಾಯ್ತು" ಎಂದು ಯಜಮಾನರು ಇಟ್ಟುಕೊಂಡಿದ್ದರು. ಹೋದ ವಾರ ಹೋದಾಗ ಶೆಡ್ಡಿನ ತಗಡಿನ ಬಾಗಿಲು ನನ್ನ ಹಿಂದೆ ಧಡಾರನೆ ಬಡಿದುಕೊಳ್ಳಲಿಲ್ಲ. ತಿರುಗಿ ನೋಡಿದೆ. ಹಳೆಯ ಯೆಜ್ಡಿಯ ಸ್ಟ್ಯಾಂಡಿನ ಸ್ಪ್ರಿಂಗು ಬಾಗಿಲನ್ನು ಎಳೆಯುತ್ತಿತ್ತು, ನನ್ನ ಎಂಜಿಬಿಯ ತೋಳು ತಡೆಯುತ್ತಿತ್ತು.