ನಾಕ್‌ಔಟ್ ಲೇನ್ ಖಾಲಿ ಬಂತು!

ಕೊನೆಗೂ ಖಾಲಿ. ಪ್ರೋಟೀನುಗಳನ್ನು ಜೆಲ್‌ನಲ್ಲಿ ಸೈಜ್ ಪ್ರಕಾರ ಬೇರ್ಪಡಿಸಿ, ಬೇಕಾದದ್ದನ್ನು ಆಂಟಿಬಾಡಿಯಿಂದ ಹಿಡಿದು ತೋರಿಸುವ ವೆಸ್ಟರ್ನ್ ಬ್ಲಾಟ್ ಇದು. ಹುಡುಕುತ್ತಿರುವುದು ಪಿಂಕ್1 ಅನ್ನೋ ಕೈನೇಸ್, ಅಂದರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುವ ಎಂಜೈಮ್. ಅದರ ಜೀನ್ ಕೆಡಿಸಿದ (ನಾಕ್‌ಔಟ್) ಹೀಲಾ ಅನ್ನೋ ಮನುಷ್ಯರ ಸೆಲ್‌ಗಳ ಲೇನ್‌ನಲ್ಲಿ 63 ಕಿಲೋಡಾಲ್ಟನ್ ಹತ್ತಿರ, ಅಂದರೆ ಪಿಂಕ್1ನ ಸೈಜಿನ ಜಾಗದಲ್ಲಿ, ಏನೇನೂ ಇಲ್ಲ. ಪಕ್ಕದಲ್ಲೇ ಸಿಸಿಸಿಪಿ (ಮೈಟೋಕಾಂಡ್ರಿಯಾವನ್ನು ಕೆಡಿಸುವ ರಾಸಾಯನಿಕ) ಕೊಟ್ಟ ಮಾಮೂಲಿ ಹೀಲಾ, ಅದರಲ್ಲಿ ಚೊಕ್ಕವಾದ ಒಂದು ಬ್ಯಾಂಡ್. ಏನೂ ಇಲ್ಲದ ಜಾಗ ನೋಡಿ ಹೀಗೆ ಕುಣಿಯೋದು ಯಾಕೆ ಅಂತ ಬ್ಲಾಟ್ ಮಾಡುವವರಿಗೆ ಹೇಳಬೇಕಾಗಿಲ್ಲ, ಅಲ್ವಾ?

ಇಷ್ಟು ದಿನ ಕಾಡಿಸಿದ್ದು ಒಂದು ಆಂಟಿಬಾಡಿ. ಪಿಂಕ್1ನ 228ನೇ ಅಮೈನೋ ಆಮ್ಲವಾದ ಸೆರಿನ್ ಮೇಲೆ ಫಾಸ್ಫೇಟ್ ಕೂತಾಗ ಮಾತ್ರ ಹಿಡಿಯಬೇಕಾದ ಮೊಲದ ಪಾಲಿಕ್ಲೋನಲ್, ಅಂದರೆ ಹಲವು ಬಗೆಯ ಆಂಟಿಬಾಡಿಗಳ ಮಿಶ್ರಣ. ಸೆಲ್ ಬೆಳೆಸಿದ್ದು, ಜೆಲ್ ಓಡಿಸಿದ್ದು, ಟ್ರಾನ್ಸ್‌ಫರ್, ಇದೆಲ್ಲ ಬಿಟ್ಟುಬಿಡುತ್ತೇನೆ. ಬ್ಲಾಟಿನ ಖಾಲಿ ಜಾಗ ಮುಚ್ಚೋಕೆ (ಬ್ಲಾಕಿಂಗ್) ಹಾಲಿನ ಬದಲು ಬಿಎಸ್‌ಎ ಅನ್ನೋ ದನದ ರಕ್ತದ ಪ್ರೋಟೀನ್ ಹಾಕಿದ್ರಾ ಅಂತ ಮಾತ್ರ ದಯವಿಟ್ಟು ಕೇಳಬೇಡಿ. ಹಾಕಿದ್ದೇನೆ. ಹಾಲಿನ ಕೇಸೀನೇ ಮೈತುಂಬ ಫಾಸ್ಫೇಟ್ ಹೊತ್ತಿರುತ್ತೆ ಅಂತ ನನಗೂ ಗೊತ್ತು.

ತಲೆನೋವು ಇದ್ದದ್ದು ಬೇರೆ ಕಡೆ. ಮೈಟೋಕಾಂಡ್ರಿಯಾ ಚೆನ್ನಾಗಿದ್ದಾಗ ಪಿಂಕ್1 ಒಳಗೆ ಹೋಗುತ್ತೆ, ಒಳಪೊರೆಯಲ್ಲಿ ಪಾರ್ಲ್ ಅನ್ನೋ ಎಂಜೈಮ್ ಅದನ್ನು ಕತ್ತರಿಸುತ್ತೆ. ಉಳಿದ 52 ಕಿಲೋಡಾಲ್ಟನ್ ತುಂಡನ್ನು ಪ್ರೋಟಿಯಾಸೋಮ್ (ಸೆಲ್‌ನಲ್ಲಿ ಪ್ರೋಟೀನ್ ಪುಡಿ ಮಾಡುವ ಯಂತ್ರ) ಮುಗಿಸಿಬಿಡುತ್ತೆ. ಹಾಗಾಗಿ ಸುಮ್ನೆ ಬೆಳೆಯುತ್ತಿರುವ ಸೆಲ್‌ನಲ್ಲಿ ಪಿಂಕ್1 ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. 10 ಮೈಕ್ರೋಮೋಲಾರ್ ಸಿಸಿಸಿಪಿ ಕೊಟ್ಟು ಪೊರೆಯ ವೋಲ್ಟೇಜ್ ಬೀಳಿಸಿದರೆ ಒಳಗೆ ಹೋಗುವ ದಾರಿ ಬಂದ್. ಪೂರ್ತಿ ಉದ್ದದ ಪಿಂಕ್1 ಹೊರಪೊರೆಯ ಟಾಮ್ ಕಾಂಪ್ಲೆಕ್ಸ್ (ಪ್ರೋಟೀನುಗಳು ಒಳಗೆ ಹೋಗುವ ಬಾಗಿಲು) ಹತ್ತಿರ ಜಮಾಯಿಸಿ, ಒಂದು ಇನ್ನೊಂದರ 228ಕ್ಕೆ ಫಾಸ್ಫೇಟ್ ಅಂಟಿಸುತ್ತೆ. ಅಂದಮೇಲೆ ಸಿಸಿಸಿಪಿ ಇಲ್ಲದ ಲೇನ್ ಖಾಲಿ ಇರಬೇಕು, ಇರುವ ಲೇನ್ ತುಂಬಿರಬೇಕು.

ನನಗೆ ಎರಡರಲ್ಲೂ ಬ್ಯಾಂಡ್. ಸಿಸಿಸಿಪಿ ಕೊಟ್ಟದ್ದು ಒಂಚೂರು ಗಾಢ, ಬರೀ ಆಸೆ ಹುಟ್ಟಿಸುವಷ್ಟು. ಸೈಜ್ ಕೂಡ ಸರಿಯಾಗೇ ಇತ್ತು! ನಾಕ್‌ಔಟ್ ಲೈಸೇಟ್ (ಸೆಲ್ ಒಡೆದು ತೆಗೆದ ರಸ) ಹಾಕಿ ನೋಡಿದರೆ ಅಲ್ಲೂ ಅದೇ ಬ್ಯಾಂಡ್, ಅದೇ ಎತ್ತರ. ಪ್ರೋಟೀನೇ ಇಲ್ಲದ ಸೆಲ್‌ನಲ್ಲಿ ಅದರ ಫಾಸ್ಫೇಟ್ ಕಾಣುತ್ತೆ ಅಂದರೆ ಆಂಟಿಬಾಡಿ ಇನ್ಯಾರನ್ನೋ ಹಿಡಿದುಕೊಂಡು ಕೂತಿದೆ ಅಂತ ಅರ್ಥ.

ಕಂಪನಿಯ ಡೇಟಾಶೀಟ್ ಮತ್ತೆ ತೆಗೆದು ನೋಡಿದೆ. ಚಿತ್ರವೇನೋ ಸುಂದರವಾಗಿದೆ. ಆದರೆ ಅದು ಪ್ಲಾಸ್ಮಿಡ್ ಹಾಕಿ ಪಿಂಕ್1 ರಾಶಿ ರಾಶಿ ಮಾಡಿಸಿದ ಸೆಲ್. ಸಂತೆಯಲ್ಲಿ ಆನೆ ತೋರಿಸಿ ನನ್ನ ಕಣ್ಣು ಚುರುಕು ಅಂದ ಹಾಗಾಯ್ತು. ಡಿಸ್ಟ್ರಿಬ್ಯೂಟರ್‌ಗೆ ಫೋನ್ ಮಾಡಿದರೆ 'ಬ್ಲಾಕಿಂಗ್ ಸ್ವಲ್ಪ ಜಾಸ್ತಿ ಮಾಡಿ ನೋಡಿ ಸರ್' ಅಂದರು. ಜಗಳ ಆಡಿದ ಮೇಲೆ ಬೇರೆ ಲಾಟ್ ಕಳಿಸಿದರು. ಪಾಲಿಕ್ಲೋನಲ್ ತಾನೇ, ಬೇರೆ ಮೊಲ, ಬೇರೆ ರಾಮಾಯಣ. ಹಳೇ ಬ್ಯಾಂಡ್ ಮಸುಕಾಯ್ತು, ಅದರ ಕೆಳಗೆ ಹೊಸದೊಂದು ಹುಟ್ಟಿಕೊಂಡಿತು.

ದಾರಿ ಸಿಕ್ಕಿದ್ದು ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದವರ ಒಂದು ಹಳೇ ಅಭ್ಯಾಸದಿಂದ. ಅವರು ಫಾಸ್ಫೋ ಆಂಟಿಬಾಡಿ ಹಾಕುವಾಗ ಅದೇ ಸೀಕ್ವೆನ್ಸ್‌ನ ಫಾಸ್ಫೇಟ್ ಇಲ್ಲದ ಪೆಪ್ಟೈಡನ್ನು (ಪ್ರೋಟೀನಿನ ಪುಟ್ಟ ತುಣುಕನ್ನು) ಮಿಲಿಲೀಟರಿಗೆ 10 ಮೈಕ್ರೋಗ್ರಾಂನಂತೆ ಜೊತೆಗೆ ಬೆರೆಸುತ್ತಾರೆ. ಫಾಸ್ಫೇಟ್ ಇದ್ದರೂ ಇಲ್ಲದಿದ್ದರೂ ಅಂಟುವ ಆಂಟಿಬಾಡಿಗಳೆಲ್ಲ ಆ ಪೆಪ್ಟೈಡಿಗೆ ಅಂಟಿಕೊಂಡು ಬ್ಲಾಟಿನ ತಂಟೆಗೆ ಬರುವುದಿಲ್ಲ. ಸರಿ, ಆರ್ಡರ್ ಹಾಕಿದೆ. 'ಇಂಪೋರ್ಟ್ ಐಟಂ ಸರ್, ಟೈಮ್ ಆಗುತ್ತೆ.' ಆಯ್ತು. ಬಂದದ್ದು ಫಾಸ್ಫೇಟ್ ಇರುವ ಪೆಪ್ಟೈಡ್! ಲೇಬಲ್ ಓದದೆ ಸುರಿದಿದ್ದರೆ ಬೇಕಾದ ಆಂಟಿಬಾಡಿಗಳನ್ನೇ ಹುಡುಕಿ ಕಟ್ಟಿಹಾಕುತ್ತಿತ್ತು. ವಾಪಸ್ ಮಾತ್ರ ಕೊಡಲಿಲ್ಲ. ಅದನ್ನು ಹಾಕಿದಾಗ ಸಿಗ್ನಲ್ ಮಾಯವಾಗಬೇಕಲ್ಲ, ಒಳ್ಳೇ ಕಂಟ್ರೋಲ್.

ಸರಿಯಾದ ಪೆಪ್ಟೈಡ್ ಬಂದ ಮೇಲೆ ಗಲೀಜು ಅರ್ಧ ಹೋಯ್ತು. ಉಳಿದರ್ಧಕ್ಕೆ ಐಪಿ, ಅಂದರೆ ಇಮ್ಯುನೋಪ್ರೆಸಿಪಿಟೇಶನ್. ಟೋಟಲ್ ಪಿಂಕ್1 ಆಂಟಿಬಾಡಿ (ಫಾಸ್ಫೇಟ್ ಇರಲಿ ಬಿಡಲಿ ಪಿಂಕ್1 ಹಿಡಿಯುವಂಥದ್ದು) ಹಾಕಿದ ಬೀಡ್ಸ್‌ನಲ್ಲಿ ಮೊದಲು ಪ್ರೋಟೀನ್ ಎಳೆದುಕೊಂಡು, ಆಮೇಲೆ ಫಾಸ್ಫೋ ಆಂಟಿಬಾಡಿಯಲ್ಲಿ ಬ್ಲಾಟ್. ಆಗಲೇ ಆ ಖಾಲಿ ಲೇನ್ ಸಿಕ್ಕಿದ್ದು.

ಐಪಿಯಿಂದ ಇನ್ನೊಂದು ಲಾಭ ಇದೆ, ಫಾಸ್ಫೇಟ್ ಕಿತ್ತುಹಾಕುವ ಎಂಜೈಮ್ ಲ್ಯಾಂಬ್ಡಾ ಫಾಸ್ಫಟೇಸ್‌ನ ಕಂಟ್ರೋಲ್. ಲೈಸೇಟ್‌ನಲ್ಲಿ ಇದನ್ನು ಮಾಡುವುದು ರಗಳೆ. ಆ ಎಂಜೈಮಿಗೆ ಮ್ಯಾಂಗನೀಸ್ ಬೇಕು, ಬಫರಿನಲ್ಲಿರುವ ಇಡಿಟಿಎ ಮ್ಯಾಂಗನೀಸನ್ನೇ ಕಸಿದುಕೊಳ್ಳುತ್ತೆ. ಮೇಲೆ ಫಾಸ್ಫಟೇಸ್ ತಡೆಯೋಕೆ ಹಾಕಿದ ವೆನಡೇಟ್, ಫ್ಲೋರೈಡ್ ಬೇರೆ ಕಾಲೆಳೆಯುತ್ತವೆ. ಬೀಡ್ಸ್ ಆದರೆ ಇವನ್ನೆಲ್ಲ ತೊಳೆದು ಹಾಕಬಹುದು. ಬೀಡ್ಸ್ ಎರಡು ಪಾಲು ಮಾಡಿ, ಒಂದಕ್ಕೆ ಎಂಜೈಮ್ ಮತ್ತು ಮ್ಯಾಂಗನೀಸ್, 30 ಡಿಗ್ರಿಯಲ್ಲಿ ಅರ್ಧ ಗಂಟೆ. ಫಾಸ್ಫೋ ಬ್ಯಾಂಡ್ ಪೂರ್ತಿ ಹೋಯ್ತು. ಟೋಟಲ್ ಬ್ಯಾಂಡ್ ಹೋಗಲಿಲ್ಲ, ಕೂದಲೆಳೆಯಷ್ಟು ಕೆಳಗೆ ಇಳಿಯಿತು. ಆ ಕೂದಲೆಳೆ ನೋಡೋಕೆ ಸ್ಕ್ರೀನಿಗೆ ಮೂಗು ತಾಗಿಸಿ ಕೂತಿದ್ದೆ. ಇದನ್ನೇ ದೊಡ್ಡದಾಗಿ ಕಾಣುವಂತೆ ಮಾಡೋಕೆ ಹಿರೋಶಿಮಾ ವಿಶ್ವವಿದ್ಯಾಲಯದವರು ಕಂಡುಹಿಡಿದ ಫಾಸ್-ಟ್ಯಾಗ್ ಜೆಲ್ ಇದೆ. ಅದರ ಬೆಲೆ ಕೇಳಿ ಸದ್ಯಕ್ಕೆ ಸುಮ್ಮನಾದೆ.

ಅದಕ್ಕಿಂತ ನನ್ನ ಕಣ್ಣು ಬಿದ್ದಿರುವುದು ಒಂದು ಹುಳದ ಮೇಲೆ. ರವೆ, ಮೈದಾ ಡಬ್ಬದಲ್ಲಿ ಓಡಾಡುತ್ತಲ್ಲ, ಕೆಂಪು ಹಿಟ್ಟಿನ ಹುಳ, ಟ್ರೈಬೋಲಿಯಂ. ಮನುಷ್ಯರ ಪಿಂಕ್1 ಟ್ಯೂಬಿನಲ್ಲಿ ಕೆಲಸ ಮಾಡೋಕೆ ಮೈಗಳ್ಳ. ಈ ಹುಳದ್ದು ಬ್ಯಾಕ್ಟೀರಿಯಾದಲ್ಲಿ ಮಾಡಿ ತೆಗೆದರೂ ಚುರುಕಾಗಿರುತ್ತೆ. 2011ರಲ್ಲಿ ಇದನ್ನು ತೋರಿಸಿದವರೂ ಡಂಡೀಯವರೇ. ಯುಬಿಕ್ವಿಟಿನ್ ಅನ್ನೋ ಪುಟ್ಟ ಪ್ರೋಟೀನ್ ಕೊಟ್ಟರೆ ಅದರ 65ನೇ ಸೆರಿನ್‌ಗೆ ಫಾಸ್ಫೇಟ್ ಹಾಕಿಕೊಡುತ್ತೆ. ಅಂದರೆ ಫಾಸ್ಫೋ ಯುಬಿಕ್ವಿಟಿನ್ ಸ್ಟ್ಯಾಂಡರ್ಡ್ ಮನೆಯಲ್ಲೇ ತಯಾರು, ಯಾವ ಡಿಸ್ಟ್ರಿಬ್ಯೂಟರ್ ಕಾಲೂ ಹಿಡಿಯಬೇಕಾಗಿಲ್ಲ. ನಿಜ ಹೇಳಬೇಕೆಂದರೆ ಪಿಂಕ್1 ಚಾಲೂ ಆಗಿದೆಯೋ ಇಲ್ಲವೋ ತಿಳಿಯೋಕೆ 228ಕ್ಕಿಂತ ಆ ಯುಬಿಕ್ವಿಟಿನ್ ಬ್ಲಾಟೇ ಸಲೀಸು. ಆದರೂ ಕೈನೇಸನ್ನೇ ನೇರವಾಗಿ ನೋಡಬೇಕು ಅನ್ನೋ ಹಟ ನನ್ನದು.

ಸದ್ಯ ಬಾಕಿ ಇರುವುದು 52ರ ತುಂಡು. ಐಪಿಯ ಆಂಟಿಬಾಡಿಯೂ ಮೊಲದ್ದೇ ಆದ್ದರಿಂದ ಅದರ ಹೆವಿ ಚೈನ್ (ಆಂಟಿಬಾಡಿಯ ದೊಡ್ಡ ತುಂಡು) 50ರಿಂದ 55ರ ಜಾಗದಲ್ಲಿ ಕಪ್ಪಗೆ ಅಡ್ಡ ನಿಂತಿದೆ. ಅದರ ಚಿಕ್ಕ ತುಂಡಾದ ಲೈಟ್ ಚೈನ್ ಮಾತ್ರ ಹಿಡಿಯುವ ಸೆಕೆಂಡರಿಗೆ (ಮೊದಲ ಆಂಟಿಬಾಡಿಯನ್ನು ಹಿಡಿದು ಸಿಗ್ನಲ್ ಕೊಡುವ ಎರಡನೇ ಆಂಟಿಬಾಡಿಗೆ) ಆರ್ಡರ್ ಹೋಗಿದೆ. ಅದೂ ಇಂಪೋರ್ಟ್ ಐಟಮ್ಮಂತೆ.