ಕಪ್ಪತಗುಡ್ಡದ ಚೆಕ್ ಡ್ಯಾಂ: ಬಂಡೆಯ ಸೀಳುಗಳ ಲೆಕ್ಕ, ಮೂರನೇ ವಾರ

ಹಳ್ಳದ ತಳದ ಸೀಳುಗಳ ಅಳತೆ ಮುಗಿಯಿತು. ಬಲದಂಡೆ ಬಾಕಿ, ಜಾಲಿ ಕಡಿಯದೆ ಅಲ್ಲಿ ಬಂಡೆ ಕಾಣದು.

ಮೊದಲು ಕೈಕೊಟ್ಟದ್ದು ದಿಕ್ಸೂಚಿ. ಈ ಸಾಲಿನ ಕಬ್ಬಿಣದ ಅದಿರಿನ ಪಟ್ಟಿಗಳಲ್ಲಿ ಮ್ಯಾಗ್ನೆಟೈಟ್ ಎಂಬ ಅಯಸ್ಕಾಂತೀಯ ಖನಿಜ ಇದೆ, ಮುಳ್ಳು ಎರಡು ಹೆಜ್ಜೆಗೊಂದು ಉತ್ತರ ತೋರಿಸುತ್ತದೆ. ಗೋಡೆಯ ಉದ್ದಕ್ಕೂ ದಾರ ಬಿಗಿದು, ಅದರಿಂದಲೇ ಕೋನ ಅಳೆದದ್ದಾಯಿತು. ಬೇಕಾದದ್ದು ಉತ್ತರವಲ್ಲ, ಸೀಳು ಗೋಡೆಯಿಂದ ಎತ್ತ ವಾಲಿದೆ ಎಂಬುದು.

ಹೊಸಬರು ಹೆದರುವುದು ನೆಟ್ಟಗೆ ನಿಂತ ಶಿಸ್ಟ್ (ಹಾಳೆ ಹಾಳೆಯಾಗಿ ಸೀಳುವ ಬಂಡೆ) ಪದರಗಳಿಗೆ. ಅವು ನೀರು ಸೋರಿಸುತ್ತವೆ, ಬಂಡೆಯ ತುಂಡನ್ನು ಬದಿಯಿಂದ ಬಿಡಿಸುತ್ತವೆ ನಿಜ. ಆದರೆ ಗೋಡೆಯನ್ನು ಹೊತ್ತು ಜಾರುವುದು ಕೆಳಹರಿವಿನತ್ತ ವಾಲಿ ಮಲಗಿದ ಸೀಳು.

ಗೋಡೆ 3 ಮೀಟರ್ ಎತ್ತರ, ತಲೆ 1, ಬುಡ 2.4 ಮೀಟರ್. ಒಂದು ಮೀಟರ್ ಉದ್ದಕ್ಕೆ ತೂಕ 122 ಕಿಲೋನ್ಯೂಟನ್, ತುಂಬಿದಾಗ ನೀರಿನ ತಳ್ಳು 44, ಬುಡದಡಿ ನುಗ್ಗಿದ ನೀರಿನ ಮೇಲೊತ್ತಡ 35. ಅಂಟು ಸೊನ್ನೆ, ಘರ್ಷಣ ಕೋನ (ಬರಿ ಘರ್ಷಣೆಯಿಂದ ಕಲ್ಲು ಜಾರದೆ ನಿಲ್ಲುವ ಗರಿಷ್ಠ ಓರೆ) 35 ಡಿಗ್ರಿ ಹಿಡಿದರೆ ಸಮತಟ್ಟು ಸೀಳಿನಲ್ಲಿ ಸುರಕ್ಷಾ ಗುಣಾಂಕ (ತಡೆಯುವ ಬಲ ಜಾರಿಸುವ ಬಲದ ಎಷ್ಟು ಪಟ್ಟು ಎಂಬುದು, 1ಕ್ಕಿಂತ ಕಡಿಮೆಯಾದರೆ ಗೋಡೆ ಜಾರುತ್ತದೆ) 1.38. ಕೆಳಹರಿವಿನತ್ತ 10 ಡಿಗ್ರಿ ವಾಲಿದರೆ 0.84, ಮೇಲ್ಹರಿವಿನತ್ತ ಅಷ್ಟೇ ವಾಲಿದರೆ 2.9. ಇಲ್ಲಿ ಸಿಕ್ಕ ಸೀಳು ಕೆಳಕ್ಕೆ 6 ಡಿಗ್ರಿ: 1.01. ಅಂದರೆ ಏನೂ ಉಳಿದಿಲ್ಲ.

ಆ 35 ಬಂದದ್ದು ಹೀಗೆ. ಅದೇ ಸೀಳಿನ ಎರಡು ಮುಖಗಳನ್ನು ಜೋಡಿಸಿ ಹಲಗೆ ಓರೆ ಮಾಡುವ ಪರೀಕ್ಷೆಯಲ್ಲಿ 12 ಸೆಂಟಿಮೀಟರ್ ಉದ್ದ, 10 ಎತ್ತರದ ಮೇಲಿನ ತುಂಡು 50 ಡಿಗ್ರಿಗೇ ಮಗುಚಿತು, ಜಾರಲಿಲ್ಲ. ಎತ್ತರವನ್ನು 5ಕ್ಕೆ ಕತ್ತರಿಸಿದ ಮೇಲೆ 58ಕ್ಕೆ ಜಾರಿತು. ಈ 58 ನೇರ ಬಳಸಿದರೆ ಮೋಸ: ಅಂಗೈಯಗಲದ ಕಲ್ಲಿನ ಭಾರಕ್ಕೆ ಒರಟುತನ ಪೂರ್ತಿ ಕೆಲಸ ಮಾಡುತ್ತದೆ, ಗೋಡೆಯಡಿಯ ಒತ್ತಡದಲ್ಲಿ ಅಷ್ಟಿಲ್ಲ. ಬಂಡೆಗೆ ಬಡಿದು ಪುಟಿತದಿಂದ ಗಟ್ಟಿತನ ಅಂದಾಜಿಸುವ ಶ್ಮಿಟ್ ಸುತ್ತಿಗೆಯ 50 ಮೆಗಾಪಾಸ್ಕಲ್, ಉಳಿಕೆ ಕೋನ (ಒರಟು ಸವೆದ ಮೇಲೂ ಉಳಿಯುವ ಘರ್ಷಣ ಕೋನ) 27 ಇಟ್ಟು, ಒರಟುತನ, ಗಟ್ಟಿತನ, ಒತ್ತಡಗಳಿಂದ ಘರ್ಷಣ ಕೋನ ಕೊಡುವ ಬಾರ್ಟನ್ ಸೂತ್ರಕ್ಕೆ ಹಾಕಿದರೆ 46. ದೊಡ್ಡ ಸೀಳಿನಲ್ಲಿ ಒರಟುತನ ಇನ್ನೂ ಕಡಿಮೆ, ಹಾಗಾಗಿ 35.

ಅದೂ ಸೀಳು ಸ್ವಚ್ಛವಿದ್ದರೆ ಮಾತ್ರ. ಸೈಕಲ್ ಕಡ್ಡಿ ತೂರಿಸಿದಾಗ ಒಂದು ಗೇಣು ಒಳಗೆ ಹೋಗಿ, ತುದಿಗೆ ಎರೆ ಮಣ್ಣು ಮೆತ್ತಿಕೊಂಡು ಬಂತು. ಒಣಗಿದಾಗ ಕಲ್ಲು, ನೆನೆದಾಗ ಬೆಣ್ಣೆ. ಮಣ್ಣಿನ ಪದರ ಕಲ್ಲಿನ ಉಬ್ಬುಗಳಿಗಿಂತ ದಪ್ಪವಿದ್ದರೆ ಬಾರ್ಟನ್ ಲೆಕ್ಕವೇ ಬಿದ್ದುಹೋಗುತ್ತದೆ. ಮಣ್ಣಿನ ಘರ್ಷಣ ಕೋನ 18 ಡಿಗ್ರಿ ಹಿಡಿದರೆ ಸಮತಟ್ಟು ಸೀಳಿನಲ್ಲೂ ಗುಣಾಂಕ 0.64.

ಫ್ರಾನ್ಸಿನ ಮಾಲ್ಪಾಸೆ ಅಣೆಕಟ್ಟು 1959ರ ಡಿಸೆಂಬರ್ 2ರಂದು ಒಡೆದದ್ದೂ ಎಡದಂಡೆಯ ಬಂಡೆ ಸೀಳುಗಳೊಳಗಿನ ನೀರಿನ ಒತ್ತಡಕ್ಕೆ ಸರಿದು, ಕಾಂಕ್ರೀಟ್‌ನ ತಪ್ಪಲ್ಲ.

ಮುಂದಿನ ವಾರ ಸೀಳನ್ನು ಗೋಡೆಯುದ್ದಕ್ಕೂ ಮೀಟರ್‌ಗೊಂದು ಕಡೆ ಕಡ್ಡಿಯಿಂದ ತಡಕಿ, ಮಣ್ಣಿನ ದಪ್ಪ ಬರೆದುಕೊಳ್ಳಬೇಕು. ಆಮೇಲೆ ಜಾಲಿ.