ಅಡುಗೆಮನೆ ಸಾಕು

ಊರಿನ ಹಳೇ ಪದಗಳನ್ನೆಲ್ಲ ಕೂಡಿಹಾಕಬೇಕು ಅಂತ ಇವತ್ತು ಬೆಳಿಗ್ಗೆ ಕೂತೆ. ಯಾರದೋ ಲಗ್ನಪತ್ರಿಕೆಯ ಹಿಂದೆ ದೊಡ್ಡದಾಗಿ ಬರೆದೆ. ಹೊಲ, ದನ, ಮಳೆ, ಹಬ್ಬ, ಬೈಗುಳ, ಅಡುಗೆಮನೆ. ಬೈಗುಳಕ್ಕೇ ಒಂದು ಸಂಪುಟ ಬೇಕು ಬಿಡಿ.

ಆಮೇಲೆ ಹೆದರಿಕೆಯಾಯಿತು. 1894ರಲ್ಲಿ ಬಂದ ಕಿಟೆಲ್ ನಿಘಂಟಿನಲ್ಲಿ ಸುಮಾರು 70,000 ಪದ. ಸಾಹಿತ್ಯ ಪರಿಷತ್ತಿನದು 8 ಸಂಪುಟ, ಅದಕ್ಕೆ ವಿದ್ವಾಂಸರ ಪಡೆಯೇ ಕೂತಿತ್ತು. ನನಗೆ ಸಿಗೋದು ಭಾನುವಾರ ಮಾತ್ರ. ಅದರಲ್ಲೂ ಮಧ್ಯಾಹ್ನದ ನಿದ್ದೆ ಕಳೆದು.

ಒಂದೊಂದೇ ಹೊಡೆದುಹಾಕಿದೆ. ಹೊಲ ಹೋಯಿತು. ಮಳೆ ಹೋಯಿತು. ಬೈಗುಳ ಬಿಡೋಕೆ ಮನಸ್ಸೇ ಬರಲಿಲ್ಲ, ಆದರೂ ಹೋಯಿತು. ಉಳಿದದ್ದು ಅಡುಗೆಮನೆ. 100 ಪದ, ಅಜ್ಜಿಯ ದನಿಯಲ್ಲೇ ರೆಕಾರ್ಡ್, ಯುಗಾದಿಯೊಳಗೆ. ಅಷ್ಟೇ.

ಪಟ್ಟಿ ಓದಿ ಹೇಳಿದೆ.

"ನೆಲುವು ಬರ್ಕೊಂಡ್ಯಾ?" ಅಂದರು ಅಜ್ಜಿ.

ಇಲ್ಲ. ಬೆಕ್ಕಿಗೆ ಸಿಗದ ಹಾಗೆ ಮೊಸರಿನ ಗಡಿಗೆಯನ್ನು ಮೇಲೆ ಹಗ್ಗದಲ್ಲಿ ತೂಗುಹಾಕ್ತಿದ್ದರಲ್ವಾ, ಅದು. ಜಂತೆಯಲ್ಲಿ ಅದರ ಕೊಕ್ಕೆ ಇನ್ನೂ ಇದೆ. ದಿನಾ ನೋಡ್ತೀನಿ. ಕರೆಂಟ್ ಹೋದಾಗ ಅದಕ್ಕೇ ಎಮರ್ಜೆನ್ಸಿ ಲೈಟ್ ಸಿಗಿಸೋದು.